ಪಿಕ್ಕಿನ ದುಂಡು ಮೂಲೆ

ಮಾರ್ಚ್ 4

ಅಕ್ಕಾ,

ತಲುಪಿದೆ. ನಿನ್ನ ಬೇಸ್ ಗಿಟಾರೂ ತಲುಪಿತು, ನನಗಿಂತ ಸುಖವಾಗಿ. ವ್ಯಾನಿನಲ್ಲಿ ಅದಕ್ಕೆ ಕಿಟಕಿ ಪಕ್ಕದ ಸೀಟು ಸಿಕ್ಕಿತು, ನನಗೆ ಡ್ರಮ್ಮುಗಳ ನಡುವಿನ ಸಂದು. ಫೋನಿನಲ್ಲಿ ಮಾತಿಗೆ ಕೂತರೆ ನಮ್ಮಿಬ್ಬರಲ್ಲಿ ಒಬ್ಬರು ಸಿಟ್ಟಿಗೆದ್ದು ಪಟ್ಟನೆ ಇಟ್ಟುಬಿಡುತ್ತೇವೆ, ಅದಕ್ಕೇ ಕಾಗದ ಬರೆ ಎಂದವಳು ನೀನು. ಬರೆಯುತ್ತಿದ್ದೇನೆ. ಕಾಗದದಲ್ಲಾದರೆ ಒಂದು ಜಗಳಕ್ಕೆ ವಾರ ಹಿಡಿಯುತ್ತದೆ, ಅಷ್ಟರಲ್ಲಿ ಸಿಟ್ಟು ಆರಿರುತ್ತದೆ.

ನಿನ್ನೆ ಮೊದಲ ಕಾರ್ಯಕ್ರಮ. ವೇದಿಕೆಯ ಮೆಟ್ಟಿಲಲ್ಲಿ ಜಾರಿ ನೀನು ಬಲಗೈ ಮಣಿಕಟ್ಟು ಮುರಿದುಕೊಂಡದ್ದಕ್ಕೆ ನಾನು ಇಲ್ಲಿ ನಿಂತಿದ್ದೇನೆ ಎಂಬುದು ತಂಡದವರಿಗೆಲ್ಲ ಗೊತ್ತು. ಕಾರ್ಯಕ್ರಮ ಮುಗಿದ ಮೇಲೆ ಇನ್ನೂ ಚೆನ್ನಾಗಿ ಗೊತ್ತಾಯಿತು. ತಂಡದ ಯಜಮಾನರು ಬೆವರು ಒರೆಸಿಕೊಳ್ಳುತ್ತಾ ನೇರ ನನ್ನ ಹತ್ತಿರ ಬಂದರು. ಹಾಡುವುದೂ ಅವರೇ, ಬೈಯುವುದೂ ಅವರೇ, ಎರಡಕ್ಕೂ ಒಂದೇ ದನಿ.

"ಏನಮ್ಮಾ, ನಿನ್ನ ಬೇಸು ಹಾಸಿಗೆ ಹಾಸಿದ ಹಾಗೆ ಮೆತ್ತಗಿದೆ. ನಿಮ್ಮಕ್ಕ ನುಡಿಸಿದ್ರೆ ಒಂದೊಂದು ಸ್ವರಾನೂ ಬಾಗಿಲು ತಟ್ಟಿದ ಹಾಗೆ ಕೇಳೋದು. ಆ ತಟ್ಟು ಎಲ್ಲೋಯ್ತು?"

ನಾನು ಬೆರಳಿನಿಂದ ಮೀಟುವವಳು, ಅಕ್ಕ ಪಿಕ್ಕಿನಿಂದ ಎಂದೆ. "ಹಾಗಾದ್ರೆ ನೀನೂ ಪಿಕ್ ಹಿಡ್ಕೋ" ಎಂದು ಹೋಗಿಬಿಟ್ಟರು, ಚಮಚ ಹಿಡ್ಕೋ ಎಂದ ಹಾಗೆ.

ಆಮೇಲೆ ಗಿಟಾರನ್ನು ತಿರುಗಿಸಿ ನೋಡಿದರೆ ಹಿಂಬದಿಯ ಬ್ಯಾಟರಿ ಮುಚ್ಚಳದ ಸಂದಿಯಲ್ಲಿ ಒಂದು ಪಿಕ್! ತಂತಿ ಮೀಟುವ ಕಪ್ಪು ಪ್ಲಾಸ್ಟಿಕ್ ಬಿಲ್ಲೆ, ಎರಡು ನಾಣ್ಯ ಒಟ್ಟಿಗಿಟ್ಟಷ್ಟು ದಪ್ಪ, ತುದಿ ಒಂದು ಕಡೆಗೆ ಓರೆಯಾಗಿ ಸವೆದಿದೆ. ಯಾರ ಕಣ್ಣಿಗೂ ಬೀಳಬಾರದೆಂದು ಅಲ್ಲಿ ಬಚ್ಚಿಟ್ಟಿದ್ದೀಯಲ್ಲ, ಕಳ್ಳಿ! ನಿನ್ನ ಸದ್ದಿನ ಗುಟ್ಟು ಇದೇ ತಾನೆ? ಹೌದೋ ಅಲ್ಲವೋ, ಒಂದು ಸಾಲು ಬರೆ. ಉಳಿದದ್ದು ನಾನು ನೋಡಿಕೊಳ್ಳುತ್ತೇನೆ.

ನಿನ್ನ ಮೆಣಸು


ಮಾರ್ಚ್ 11

ಮೆಣಸೇ,

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಬಲಗೈ ಇನ್ನೂ ಪ್ಲಾಸ್ಟರಿನೊಳಗೆ ನಿದ್ದೆ ಮಾಡುತ್ತಿದೆ. ಅಕ್ಷರಗಳು ಎಡಕ್ಕೆ ವಾಲಿ ಬೀಳುತ್ತಿವೆ, ನಗಬೇಡ. ನಿನ್ನ ಭಾವ ದಿನಾ ಬೆಳಗ್ಗೆ ನನಗೆ ಜಡೆ ಹಾಕುತ್ತಾರೆ. ಎಲೆಕ್ಟ್ರಿಷಿಯನ್ ಕೈ, ವೈರು ಹೊಸೆದ ಹಾಗೆ ಹೊಸೆದು ತುದಿಗೆ ಟೇಪ್ ಸುತ್ತುವುದೊಂದು ಬಾಕಿ.

ಪಿಕ್ಕಿನಲ್ಲೇನು ಮಹಾ ಇದೆ? ಅಂಗಡಿಯಲ್ಲಿ ಬೊಗಸೆಗಟ್ಟಲೆ ಸಿಗುತ್ತವೆ. ನೀನು ಬೆರಳಲ್ಲೇ ನುಡಿಸು. ಯಜಮಾನರು ಗೊಣಗುತ್ತಾರೆ, ಊಟವಾದ ಮೇಲೆ ಮರೆಯುತ್ತಾರೆ. ಹೇಗೂ ಏಪ್ರಿಲ್ ಇಪ್ಪತ್ತರ ರೆಕಾರ್ಡಿಂಗಿಗೆ ನಾನೇ ಬರುತ್ತೇನೆ. ನಾಲ್ಕು ದಿನದ ಮಟ್ಟಿಗೆ ಹೊಸ ವಿದ್ಯೆ ಕಲಿತು ಏನು ಮಾಡುತ್ತೀಯ?

ಗಿಟಾರನ್ನು ಬಿಸಿಲಲ್ಲಿ ಇಡಬೇಡ.

ಅಕ್ಕ


ಮಾರ್ಚ್ 19

ಅಕ್ಕಾ,

ಹೌದೋ ಅಲ್ಲವೋ ಎಂದು ಕೇಳಿದ್ದಕ್ಕೆ ನೀನು ಭಾವನ ಜಡೆಯ ಕಥೆ ಹೇಳಿದೆ. ಇರಲಿ, ಗುಟ್ಟು ಬಿಟ್ಟುಕೊಡಲು ನಿನಗೆ ಮನಸ್ಸಿಲ್ಲ, ಅರ್ಥವಾಯಿತು. ನಾನೇ ಹುಡುಕಿಕೊಂಡೆ.

ನಾವು ಉಳಿದುಕೊಂಡಿರುವ ಕಡೆಯಿಂದ ಎರಡು ಬೀದಿ ದಾಟಿದರೆ ವಾದ್ಯಗಳ ಅಂಗಡಿ. ಅಂಗಡಿಯಾಕೆ ಗುಂಡಿಗಳ ಡಬ್ಬಿಯಂಥ ಒಂದು ಡ್ರಾಯರನ್ನೇ ಎತ್ತಿ ತಂದು ನನ್ನ ಮುಂದಿಟ್ಟರು. ತೆಳ್ಳನೆಯದು ಮೊದಲು ಹಿಡಿದೆ. ಬೇಸಿನ ದಪ್ಪ ತಂತಿಗೆ ತಾಗಿದ್ದೇ ಬಳುಕಿ, ಚಟಚಟ ಎಂಬ ಪ್ಲಾಸ್ಟಿಕ್ಕಿನ ಸದ್ದೇ ಜಾಸ್ತಿ, ಸ್ವರ ಎಲ್ಲೋ ಹಿಂದೆ ಉಳಿಯಿತು. ಒತ್ತಿದ ಉಣ್ಣೆಯದೊಂದಿತ್ತು, ಅದರಲ್ಲಿ ಮತ್ತೆ ಯಜಮಾನರ ಹಾಸಿಗೆ. ನಡುದಪ್ಪದ ದೊಡ್ಡ ತ್ರಿಕೋನವೊಂದಿತ್ತು, ಚಿಕ್ಕ ಮಕ್ಕಳ ಆಟದ ಸಾಮಾನಿನಂತೆ ಕಂಡಿತು, ಮುಟ್ಟಿ ಬಿಟ್ಟೆ. ಕೊನೆಗೆ ನಿನ್ನ ಕಪ್ಪು ಪಿಕ್ಕಿನ ಅಣ್ಣತಮ್ಮಂದಿರು ಸಿಕ್ಕವು. ಅದೇ ದಪ್ಪ, ಅದೇ ಚೂಪು. ಒಂದು ಹಿಡಿ ತೆಗೆದುಕೊಂಡೆ.

ಅಂಗಡಿಯಾಕೆ, "ತಂತಿ ದಪ್ಪ, ಪಿಕ್ಕೂ ದಪ್ಪ ಇರ್ಲಿ ಅಂತ ಎಲ್ರೂ ಇದನ್ನೇ ತಗೋತಾರೆ. ನಿಮ್ಮ ಕೈಯನ್ನೂ ಒಂದ್ಮಾತು ಕೇಳಿ" ಎಂದರು. ನನ್ನ ಕೈಗೆ ನನ್ನ ಅಕ್ಕನ ಸದ್ದು ಬೇಕಂತೆ ಎಂದೆ. ನಕ್ಕರು.

ಮೊದಲ ದಿನ ತಂತಿ ಮೀಟಿದ ಹಾಗಿರಲಿಲ್ಲ, ಗೋಡೆಗೆ ಮೊಳೆ ಹೊಡೆದ ಹಾಗಿತ್ತು. ಬೆರಳಲ್ಲಿ ಪಿಕ್ ತಿರುಗಿಬಿಡುತ್ತದೆಂದು ಗಟ್ಟಿಯಾಗಿ ಒತ್ತಿ ಹಿಡಿದೆ. ಗಟ್ಟಿಯಾಗಿ ಹಿಡಿದಷ್ಟೂ ತಟ್ಟು ಬರುತ್ತದೆ. ನಿನ್ನೆ ಯಜಮಾನರು ಹಾಡುತ್ತಲೇ ತಿರುಗಿ ನೋಡಿದರು. ಆಮೇಲೆ "ಹತ್ರ ಬಂತು" ಎಂದರು. ಇನ್ನೂ ಒಂದು ಮಾತು ಹೇಳಿದರು. ಅದನ್ನು ಈಗ ಬರೆಯುವುದಿಲ್ಲ.

ಮಣಿಕಟ್ಟಿನ ಒಳಬದಿಯಲ್ಲಿ ಒಂದು ಸೆಳೆತ ಶುರುವಾಗಿದೆ. ನಿನಗೂ ಮೊದಮೊದಲು ಹೀಗಾಗುತ್ತಿತ್ತೇ? ಇದಕ್ಕಾದರೂ ನೇರವಾಗಿ ಉತ್ತರ ಬರೆ.

ಮೆಣಸು


ಮಾರ್ಚ್ 27

ಮೆಣಸೇ,

ಪ್ಲಾಸ್ಟರ್ ಕತ್ತರಿಸಿದರು. ಕೈ ಫಸ್ಟ್ ಕ್ಲಾಸ್ ಆಗಿದೆ. ಡಾಕ್ಟರು ನಗುತ್ತಾ ಕಳಿಸಿಕೊಟ್ಟರು. ರೆಕಾರ್ಡಿಂಗಿಗೆ ಬರುತ್ತೇನೆಂದು ಯಜಮಾನರಿಗೂ ಬರೆದಿದ್ದೇನೆ.

ನೋವು ಹೊಸಬರಿಗೆಲ್ಲ ಬರುತ್ತದೆ, ಹೋಗುತ್ತದೆ. ಅದೇನು ದೊಡ್ಡದಲ್ಲ.

ಯಜಮಾನರು ಏನು ಹೇಳಿದರು? ಬರೆಯುವುದಿಲ್ಲ ಎಂದು ಬರೆಯುವುದಾದರೆ ಆ ಸಾಲನ್ನಾದರೂ ಯಾಕೆ ಬರೆದೆ? ಚಿಕ್ಕವಳಿದ್ದಾಗಲೂ ಹೀಗೇ, ಮುಚ್ಚಿದ ಮುಷ್ಟಿಯನ್ನು ಮುಖದ ಮುಂದೆ ಆಡಿಸಿ ಓಡುತ್ತಿದ್ದೆ.

ಅಕ್ಕ


ಏಪ್ರಿಲ್ 4

ಅಕ್ಕಾ,

ನಿನಗೆ ಗೊತ್ತಾಗಲೇಬೇಕಿದ್ದರೆ ಕೇಳು. ಯಜಮಾನರು ಹೇಳಿದ್ದು ಇದು: "ಆ ತಟ್ಟು ರೆಕಾರ್ಡಿಂಗಲ್ಲಿ ಬಂದ್ರೆ ಈ ಜಾಗ ನಿಂದೇ, ಕಾಯಂ. ನಿಮ್ಮಕ್ಕ ಬಿದ್ದಿದ್ದು ಮೆಟ್ಟಿಲಿಂದ ಇರ್ಬೋದು, ಆದ್ರೆ ಅವಳ ಕೈ ಹೋದ ವರ್ಷದಿಂದಾನೇ ಸೋಲ್ತಾ ಇತ್ತು. ನನಗೆ ಕಿವಿ ಇದೆ." ನಿನಗೆ ನೋವಾಗುತ್ತದೆಂದು ನಾನು ಇದನ್ನು ಎರಡು ವಾರ ನುಂಗಿಕೊಂಡಿದ್ದೆ. ಅವರಿಗೆ ಉತ್ತರವನ್ನೂ ಕೊಟ್ಟಿರಲಿಲ್ಲ. ಮೊನ್ನೆ ಕೊಟ್ಟೆ. ಹೂಂ ಎಂದೆ.

ಯಾಕೆಂದರೆ ನಿನ್ನ ಕಾಗದ ಬಂತು. ಕೈ ಫಸ್ಟ್ ಕ್ಲಾಸ್ ಎನ್ನುತ್ತೀಯ, ಅಕ್ಷರ ನೋಡಿದರೆ ಕೋಳಿ ಕೆದರಿದ ಹಾಗಿದೆ. ತಂಗಿಗೆ ತಾನೆ, ನೆಟ್ಟಗೆ ಬರೆಯುವ ಶ್ರಮ ಯಾಕೆ? ಕೇಳಿದ್ದು ಎರಡೇ ಎರಡು ಪ್ರಶ್ನೆ. ಪಿಕ್ ಇದೇನಾ? ನೋವು ನಿನಗೂ ಬರುತ್ತಿತ್ತಾ? ಎರಡಕ್ಕೂ ನೀನು ಬಾಗಿಲು ಹಾಕಿಕೊಂಡೆ. ನಾನು ಚೆನ್ನಾಗಿ ನುಡಿಸಿಬಿಟ್ಟರೆ ಎಂಬ ಹೊಟ್ಟೆಕಿಚ್ಚು ನಿನಗೆ. ಬರೆದುಬಿಟ್ಟೆ. ಹೊಡೆದು ಹಾಕುವುದಿಲ್ಲ.

ಈಗ ಸುದ್ದಿ. ಸ್ಟುಡಿಯೊ ಮೊದಲೇ ಖಾಲಿ ಸಿಕ್ಕಿದ್ದರಿಂದ ರೆಕಾರ್ಡಿಂಗ್ ಹದಿನಾಲ್ಕಕ್ಕೆ ಬಂದಿದೆ. ನನ್ನಿಂದ ಆಗದಿದ್ದರೆ ಬೇರೊಬ್ಬನನ್ನು ಕರೆಸಲು ಯಜಮಾನರು ಮಾತಾಡಿಟ್ಟಿದ್ದಾರೆ. ಆಗ ಜಾಗ ನಿನಗೂ ಇಲ್ಲ, ನನಗೂ ಇಲ್ಲ. ನಾನು ಮತ್ತೆ ಆ ಶೂ ಅಂಗಡಿಯಲ್ಲಿ ಜನರ ಕಾಲ ಬಳಿ ಮಂಡಿಯೂರಿ ಕೂರಲಾರೆ ಅಕ್ಕ. ಇಷ್ಟು ವರ್ಷ ವೇದಿಕೆಯ ಪರದೆಯ ಸಂದಿಯಿಂದ ನಿನ್ನನ್ನು ನೋಡಿದ್ದು ಅದಕ್ಕಲ್ಲ.

ಹೆಬ್ಬೆರಳು ಜೋಮು ಹಿಡಿಯುತ್ತಿದೆ. ನಿನ್ನೆ ಅಂಗಿಯ ಗುಂಡಿ ಹಾಕಲು ಡ್ರಮ್ ಬಾರಿಸುವ ಅಣ್ಣನ ಹೆಂಡತಿಯನ್ನು ಕರೆಯಬೇಕಾಯಿತು. ಟೀ ಲೋಟ ಕೈಯಿಂದ ಜಾರಿ ಒಡೆಯಿತು. ಮಣಿಕಟ್ಟಿಗೆ ಬಟ್ಟೆ ಬಿಗಿದು ನುಡಿಸುತ್ತಿದ್ದೇನೆ. ಹದಿನಾಲ್ಕರ ತನಕ ತಡೆದರೆ ಸಾಕು.

ಈ ವಾರ ಸವೆದ ಪಿಕ್ಕನ್ನು ಇದರಲ್ಲಿ ಇಟ್ಟಿದ್ದೇನೆ. ನೋಡು, ತುದಿ ನಿನ್ನದರ ಹಾಗೆಯೇ ಓರೆಯಾಗಿದೆ. ಗುಟ್ಟು ಹೇಳದಿದ್ದರೂ ಕಲಿತೆ.


ಏಪ್ರಿಲ್ 9

ಮೆಣಸೇ,

ಬೆಳಗ್ಗೆ ಫೋನ್ ಮಾಡಿದ್ದೆ. ನಾನು ಹಲೋ ಎಂದ ಕೂಡಲೇ ನೀನು ಇಟ್ಟುಬಿಟ್ಟೆ. ಮತ್ತೆ ಮಾಡಿದರೆ ಎತ್ತಲೇ ಇಲ್ಲ. ಹಾಗಾಗಿ ಇದು. ಓದದೆ ಹರಿಯಬೇಡ, ನಿನ್ನ ಕಾಲಿಗೆ ಬೀಳುತ್ತೇನೆ. ಒಳಗೆ ರಟ್ಟಿಗೆ ಹೊಲಿದ ಒಂದು ಪಿಕ್ ಇದೆ. ಹೊಲಿದದ್ದು ಭಾವ.

ನಿನ್ನ ಸವೆದ ಪಿಕ್ ಬಂತು. ನನ್ನ ಹಳೆಯವು ಒಂದು ಡಬ್ಬಿಯಲ್ಲಿವೆ. ಅದರಿಂದ ಒಂದನ್ನು ತೆಗೆದು ನಿನ್ನದರ ಪಕ್ಕ ಇಟ್ಟೆ. ಅದೇ ಓರೆ, ಅದೇ ಬದಿಯ ಕಚ್ಚು. ಭಾವನನ್ನು ಕರೆದು ತೋರಿಸಿದರೆ, "ಎರಡೂ ನಿಂದೇ ಅಲ್ವಾ?" ಎಂದರು. ಪಿಕ್ ಹಾಗೆ ಸವೆಯಬೇಕಾದರೆ ಅದನ್ನು ಉಸಿರು ಕಟ್ಟುವಷ್ಟು ಬಿಗಿಯಾಗಿ ಹಿಡಿದು, ಮಣಿಕಟ್ಟು ಮಡಚಿ, ತಂತಿಯನ್ನು ಅಗೆಯಬೇಕು. ನನಗೆ ಗೊತ್ತು. ನಾನು ಹಾಗೆ ಅಗೆದೇ ಈ ಕೈಯನ್ನು ಕಳೆದುಕೊಂಡದ್ದು.

ಬ್ಯಾಟರಿ ಮುಚ್ಚಳದಲ್ಲಿದ್ದ ಆ ಕಪ್ಪು ಪಿಕ್ಕನ್ನು ನಾನು ಬಚ್ಚಿಟ್ಟದ್ದಲ್ಲ ಕಣೇ. ಮುಚ್ಚಳ ಸಡಿಲವಾಗಿ ಗಡಗಡ ಎನ್ನುತ್ತಿತ್ತು, ಬೆಣೆ ಹಾಕಿದ್ದೆ. ಇನ್ನು ಯಾವ ಕೆಲಸಕ್ಕೂ ಬಾರದ್ದೆಂದೇ ಅದನ್ನು ಬೆಣೆ ಮಾಡಿದ್ದು. ನಿನ್ನ ಮೊದಲ ಕಾಗದ ಓದಿದಾಗಲೇ ನೀನು ತಪ್ಪು ಪಿಕ್ ಹಿಡಿದಿದ್ದೀಯ ಎಂದು ತಿಳಿಯಿತು. ಹೇಳಲಿಲ್ಲ. ತಪ್ಪು ಪಿಕ್ಕಿನಲ್ಲಿ ಸದ್ದು ಸರಿ ಬರುವುದಿಲ್ಲ, ಸೋತು ಬೆರಳಿಗೆ ವಾಪಸಾಗುತ್ತಾಳೆ, ನನ್ನ ಜಾಗ ನನಗಾಗಿ ಕಾಯುತ್ತದೆ ಎಂದುಕೊಂಡೆ. ಹೊಟ್ಟೆಕಿಚ್ಚು ಎಂದೆಯಲ್ಲ, ಹೊಡೆದು ಹಾಕಬೇಡ, ಇರಲಿ. ನೋವು ಬಂದು ಹೋಗುತ್ತದೆ ಎಂದು ಬರೆದೆನಲ್ಲ, ಆ ಸಾಲು ಬರೆದಾಗ ನನಗೆ ಎಲ್ಲ ಗೊತ್ತಿತ್ತು. ಅದಕ್ಕಿಂತ ಕೆಟ್ಟದ್ದನ್ನು ನಾನು ಯಾರಿಗೂ ಮಾಡಿಲ್ಲ.

ನನ್ನ ಕೈ ಫಸ್ಟ್ ಕ್ಲಾಸ್ ಆಗಿಲ್ಲ. ಮೂಳೆ ಕೂಡಿಕೊಂಡಿದೆ. ನರ ಮಾತ್ರ ಬಹಳ ಹಿಂದೆಯೇ ಸೊರಗಿತ್ತು, ಬಿದ್ದದ್ದು ಕೊನೆಯ ಪೆಟ್ಟು. ಡಾಕ್ಟರು ನಗಲಿಲ್ಲ. "ಇನ್ನು ಪಿಕ್ ಹಿಡಿಯೋ ಆಸೆ ಬಿಟ್ಬಿಡಿ" ಎಂದರು. ನಾನು ಆಸ್ಪತ್ರೆಯ ಅಂಗಳಕ್ಕೆ ಬಂದು ಭಾವನ ಮೋಟಾರ್ ಸೈಕಲ್ಲಿನ ಮೇಲೆ ಕೂತು ಅತ್ತೆ. ಈ ಕಾಗದವೂ ಎಡಗೈಯದೇ. ಎಲ್ಲವೂ ಎಡಗೈಯವೇ.

ಈಗ ಕೇಳು. ರಟ್ಟಿನ ಮೇಲಿರುವುದು ದೊಡ್ಡ ತ್ರಿಕೋನ, ನಡುದಪ್ಪ. ಅಂಗಡಿಯಲ್ಲಿ ನೀನು ಮುಟ್ಟಿ ಬಿಟ್ಟೆಯಲ್ಲ, ಅದೇ. ಅದರ ಚೂಪು ತುದಿಯನ್ನು ನಿನ್ನ ಅಂಗೈ ಕಡೆಗೆ ತಿರುಗಿಸು. ನಾನು ದುಂಡಗೆ ಉಜ್ಜಿರುವ ಮೂಲೆ ತಂತಿಗೆ. ಮಧ್ಯೆ ಕಾಯಿಸಿದ ಸೂಜಿಯಿಂದ ಚುಚ್ಚಿದ ತೂತುಗಳಿವೆ. ಬೆರಳಿನ ಚರ್ಮ ಅದಕ್ಕೆ ಕಚ್ಚಿಕೊಳ್ಳುತ್ತದೆ, ಒತ್ತಿ ಹಿಡಿಯುವುದೇ ಬೇಡ. ಬೇರೆಯವರ ಮಗುವಿನ ಬೆರಳು ಹಿಡಿದ ಹಾಗೆ ಹಿಡಿ. ಮಣಿಕಟ್ಟು ನೇರ ಇರಲಿ, ತಂತಿಯ ಮೇಲೆ ಪಿಕ್ಕನ್ನು ಸ್ವಲ್ಪ ಮಲಗಿಸಿ ಸವರಿಕೊಂಡು ಹೋಗು. ದುಂಡು ಮೂಲೆ ತಂತಿಯಿಂದ ಜಾರುವಾಗ ತಾನಾಗಿ ಒಂದು ತಟ್ಟು ಕೊಡುತ್ತದೆ. ಯಜಮಾನರು ಇಷ್ಟು ವರ್ಷ ಹೊಗಳಿದ ಬಾಗಿಲು ತಟ್ಟುವ ಸದ್ದು ಅದೇ. ಚೂಪು ತುದಿ ತಂತಿಗೆ ಸಿಕ್ಕಿಕೊಂಡು ಮಣಿಕಟ್ಟನ್ನು ಜಗ್ಗುತ್ತಿತ್ತೆಂದು, ಆ ನೋವು ತಪ್ಪಿಸಿಕೊಳ್ಳಲು ನಾನು ಪಿಕ್ಕನ್ನು ತಿರುಗಿಸಿ ಹಿಡಿದದ್ದು. ಗುಟ್ಟು ಅಂದರೆ ಇಷ್ಟೇ. ತಿರುಗಿಸುವುದು ತಡವಾಯಿತು, ಅದೊಂದೇ ತಪ್ಪು.

ಆ ಬಟ್ಟೆ ಬಿಚ್ಚು. ಕಪ್ಪು ಪಿಕ್ಕುಗಳನ್ನು ಚರಂಡಿಗೆ ಎಸೆ. ಈ ಕಾಗದ ಹದಿನಾಲ್ಕರೊಳಗೆ ಸಿಗದಿದ್ದರೆ ನಾನು ಏನು ಮಾಡಲಿ?

ಅಕ್ಕ


ಏಪ್ರಿಲ್ 10

ಫೋನ್ ಮಾಡಬೇಡ. ಕಾಗದವನ್ನೂ ಬರೆಯಬೇಡ. ಈಗ ನೀನು ಏನು ಹೇಳಿದರೂ ನನ್ನ ಕೈ ತಪ್ಪುತ್ತದೆ. ಬಟ್ಟೆ ಸಾಲದೆ ಟೇಪ್ ಸುತ್ತಿದ್ದೇನೆ, ಹೆಬ್ಬೆರಳಿಗೂ ಪಿಕ್ಕಿಗೂ ಸೇರಿಸಿ. ಈಗ ಜಾರುವುದಿಲ್ಲ. ಬೆರಳಿಗೆ ಏನೂ ಗೊತ್ತಾಗುವುದೂ ಇಲ್ಲ, ಒಂದು ಲೆಕ್ಕಕ್ಕೆ ಒಳ್ಳೆಯದೇ. ಹದಿನಾಲ್ಕಕ್ಕೆ ನುಡಿಸುತ್ತೇನೆ. ಆಮೇಲೆ ಬೇಕಾದರೆ ಮಾತಾಡೋಣ.


ಏಪ್ರಿಲ್ 15

ಅಕ್ಕಾ,

ನಿನ್ನೆ ಬೆಳಗ್ಗೆ ವ್ಯಾನಿಗೆ ಸಾಮಾನು ಏರಿಸುತ್ತಿದ್ದಾಗ ನಿನ್ನ ಲಕೋಟೆ ಬಂತು. ಡ್ರಮ್ಮಿನ ಅಣ್ಣ ತಂದು ಕೈಗಿಟ್ಟ. ಒಡೆಯಬಾರದೆಂದೇ ಇದ್ದೆ. ಒಳಗೆ ಏನೋ ಗಟ್ಟಿ ತಾಗಿತು.

ಓದಿದೆ. ಮೊದಲು ಬಂದ ಯೋಚನೆ ಏನು ಗೊತ್ತೇ? ಇದೂ ಒಂದು ಆಟ. ಕೊನೆಯ ಗಳಿಗೆಯಲ್ಲಿ ಕೈಗೆ ಹೊಸ ಪಿಕ್ ಕೊಟ್ಟು ನನ್ನನ್ನು ಬೀಳಿಸುವ ಆಟ. ಇಷ್ಟು ದಿನ ಸುಳ್ಳು ಬರೆದವಳು ಈಗ ಯಾಕೆ ನಿಜ ಬರೆದಾಳು? ಲಕೋಟೆಯನ್ನು ಚೀಲಕ್ಕೆ ತುರುಕಿದೆ.

ಸ್ಟುಡಿಯೊದಲ್ಲಿ ಮೈಕುಗಳನ್ನು ಸರಿಪಡಿಸುತ್ತಿದ್ದರು. ಟೇಪ್ ಸುತ್ತಿಕೊಳ್ಳಲು ಒಂದು ಮೂಲೆಗೆ ಹೋದೆ. ಹಲ್ಲಿನಿಂದ ಟೇಪ್ ಹರಿದೆ, ಬೆರಳಿಗೆ ಅಂಟಿದ್ದು ಗೊತ್ತಾಗಲಿಲ್ಲ. ಯಾಕೋ ಚೀಲದಿಂದ ನಿನ್ನ ಕಾಗದಗಳನ್ನು ತೆಗೆದು ನೆಲದ ಮೇಲೆ ಸಾಲಾಗಿ ಇಟ್ಟೆ. ಪ್ಲಾಸ್ಟರ್ ಇದ್ದಾಗಿನದು, ಪ್ಲಾಸ್ಟರ್ ತೆಗೆದ ಮೇಲಿನದು, ಮೊನ್ನೆಯದು. ಮೂರರಲ್ಲೂ ಅಕ್ಷರ ಒಂದೇ ಸಮ ಎಡಕ್ಕೆ ವಾಲಿದೆ. ಕೋಳಿ ಕೆದರಿದ್ದು ಎಂದು ಬೈದಿದ್ದೆ. ಶಾಲೆಯಲ್ಲಿ ನನ್ನ ಪುಸ್ತಕದ ಮೇಲೆಲ್ಲ ಹೆಸರು ಬರೆದುಕೊಡುತ್ತಿದ್ದವಳು ನೀನು, ನಿನ್ನ ಅಕ್ಷರ ನನಗೆ ಗೊತ್ತಾಗಬೇಡವೇ? ಕುರುಡಿಯಾಗಿದ್ದೆ.

ಟೇಪ್ ಕಿತ್ತೆ. ರಟ್ಟಿನಿಂದ ಪಿಕ್ ಬಿಚ್ಚಿದೆ. ಭಾವ ಹೊಲಿದ ಹೊಲಿಗೆ ಬಿಚ್ಚುವುದೇ ಒಂದು ಶಿಕ್ಷೆ, ಅವರಿಗೆ ಹೇಳು.

ಮೊದಲ ಹಾಡಿಗೆ ತಾಳ ತಪ್ಪಿದೆ. ಯಜಮಾನರು ಗಾಜಿನ ಆಚೆಯಿಂದ ಹುಬ್ಬು ಗಂಟಿಕ್ಕಿ, "ಏನಮ್ಮಾ, ನಿದ್ದೆನಾ?" ಎಂದರು. ಮತ್ತೆ ಶುರುಮಾಡಿದೆವು. ಅದೂ ಹಾಳಾಯಿತು. ಕಪ್ಪು ಪಿಕ್ ಜೇಬಿನಲ್ಲೇ ಇತ್ತು, ಕೈ ಅಲ್ಲಿಗೆ ಹೋಯಿತು, ವಾಪಸ್ ಎಳೆದುಕೊಂಡೆ. ಬೇರೆಯವರ ಮಗುವಿನ ಬೆರಳು ಎಂದು ಮನಸ್ಸಿನಲ್ಲೇ ಹೇಳಿಕೊಂಡೆ. ಮೂರನೇ ಸಲ ಭುಜ ಇಳಿಬಿಟ್ಟು, ಏನಾದರೂ ಆಗಲಿ ಎಂದು ಸವರಿದೆ. ಅಕ್ಕಾ, ತಟ್ಟಿತು! ನನ್ನ ಎದೆಯ ಮೇಲೇ ತಟ್ಟಿದ ಹಾಗಾಯಿತು. ಡ್ರಮ್ಮಿನ ಅಣ್ಣ ಕೋಲು ಬೀಸುತ್ತಲೇ ನನ್ನ ಕಡೆ ನೋಡಿ ಬಾಯಿ ತೆರೆದ. ಯಜಮಾನರು ಕಣ್ಣು ಮುಚ್ಚಿ ಹಾಡಿದರು. ಮುಗಿದ ಮೇಲೆ, "ನಿಮ್ಮಕ್ಕಾನೇ ಬಂದು ನಿಂತ ಹಾಗಿತ್ತು" ಎಂದರು. ಅದು ಅವಳದೇ ಪಿಕ್ ಎಂದೆ. ಅವರು "ಹೇಗಿದ್ದಾಳೆ?" ಎಂದು ಕೇಳಿದರು. ಹೇಳಿದೆ. ನಿನ್ನನ್ನು ಕೇಳದೆ ಹೇಳಿದ್ದು ತಪ್ಪಾಗಿದ್ದರೆ ಬೈಯಿ.

ಇವತ್ತು ಡಾಕ್ಟರ ಹತ್ತಿರ ಹೋಗಿದ್ದೆ. ಕೈಗೆ ವಿಶ್ರಾಂತಿ ಕೊಟ್ಟರೆ ಜೋಮು ಹೋಗುತ್ತದಂತೆ. ಇನ್ನೊಂದಷ್ಟು ದಿನ ಹಾಗೇ ಅಗೆದಿದ್ದರೆ ಹೇಳಲಾಗುತ್ತಿರಲಿಲ್ಲ ಎಂದರು. ಜಾಗ ನನ್ನದಾಯಿತು. ಖುಷಿಯೋ ಅಳುವೋ ಗೊತ್ತಾಗದೆ ಎರಡು ಲೋಟ ಟೀ ಕುಡಿದೆ, ಒಂದನ್ನೂ ಬೀಳಿಸಲಿಲ್ಲ.

ಕ್ಷಮಿಸಿಬಿಟ್ಟೆನೆಂದು ತಿಳಿಯಬೇಡ. ಆ ನೋವಿನ ಸಾಲು ಇನ್ನೂ ಗಂಟಲಲ್ಲೇ ಇದೆ. ಇಳಿಯಲು ಸಮಯ ಬೇಕು.

ರೆಕಾರ್ಡಿಂಗಿನ ಪ್ರತಿ ಬಂದ ಕೂಡಲೇ ಕಳಿಸುತ್ತೇನೆ. ಒಂದು ಹಾಡಿನಲ್ಲಿ ಒಂದು ಸಂಗತಿ ನಡೆಯಿತು. ಏನೆಂದು ಬರೆಯುವುದಿಲ್ಲ. ನಿನಗೆ ಕಿವಿ ಇದ್ದರೆ ನೀನೇ ಹೇಳು.

ಮೆಣಸು


ಮೇ 6

ಮೆಣಸೇ,

ಹಾಡುಗಳು ಬಂದವು. ಭಾವನ ಮೇಜಿನ ಮೇಲಿನ ವೈರು, ಸ್ಕ್ರೂಗಳನ್ನೆಲ್ಲ ಪಕ್ಕಕ್ಕೆ ಸರಿಸಿ ಕೂತು ಕೇಳಿದೆ.

ಮೂರನೇ ಹಾಡು. ಎರಡನೇ ಚರಣ ಮುಗಿಯುವಾಗ ಪಿಕ್ ಕೈಯಿಂದ ಬಿತ್ತು. ಬಿದ್ದ ಸದ್ದು ಕೇಳುವುದಿಲ್ಲ, ತಟ್ಟು ನಿಂತದ್ದು ಕೇಳುತ್ತದೆ. ಸಡಿಲವಾಗಿ ಹಿಡಿ ಎಂದು ಹೇಳಿದವಳು ನಾನೇ, ಅಷ್ಟು ಸಡಿಲ ಅಲ್ಲ ಎಂದು ಹೇಳಲು ಮರೆತೆ. ಬೇರೆ ಯಾರಾದರೂ ಆಗಿದ್ದರೆ ನಿಲ್ಲಿಸುತ್ತಿದ್ದರು. ನೀನು ನಿಲ್ಲಿಸಲಿಲ್ಲ. ಮುಂದಿನ ಸ್ವರವೇ ಬೆರಳಲ್ಲಿ ಬಂತು. ಅಲ್ಲಿಂದ ಕೊನೆಯ ತನಕ ಮೆತ್ತಗೆ, ಹಾಸಿಗೆ ಹಾಸಿದ ಹಾಗೆ, ಯಜಮಾನರ ದನಿ ಅದರ ಮೇಲೆ ಮಲಗಿಬಿಟ್ಟಿದೆ. ಅವರು ಅದನ್ನು ತೆಗೆಯದೆ ಹಾಗೇ ಬಿಟ್ಟಿದ್ದಾರೆ. ಅವರಿಗೆ ನಿಜಕ್ಕೂ ಕಿವಿ ಇದೆ.

ಮೊದಲ ಸಲ ಕೇಳಿದಾಗ ಎದೆ ಉರಿಯಿತು. ಎರಡನೇ ಸಲವೂ ಉರಿಯಿತು. ಸುಳ್ಳು ಹೇಳುವುದು ಬಿಟ್ಟಿದ್ದೇನೆ, ಅದಕ್ಕೆ ಬರೆಯುತ್ತಿದ್ದೇನೆ. ಆಮೇಲೆ ಮತ್ತೆ ಮತ್ತೆ ಅದೊಂದೇ ಜಾಗವನ್ನು ಹಾಕಿಕೊಂಡು ಕೇಳಿದೆ. ಮೊದಲಿನದೆಲ್ಲ ನನ್ನ ಸದ್ದು. ಪಿಕ್ ಬಿದ್ದ ಮೇಲಿನದು ನಿನ್ನದು. ಭಾವ ಬಂದು, "ಯಾಕೆ ಅಳ್ತಾ ಇದೀಯ, ಚೆನ್ನಾಗಿಲ್ವಾ?" ಎಂದರು. ತುಂಬಾ ಚೆನ್ನಾಗಿದೆ ಎಂದೆ.

ಗಿಟಾರನ್ನು ವಾಪಸ್ ಕಳಿಸಬೇಡ. ಅದು ಇನ್ನು ನಿನ್ನದು. ಮುಚ್ಚಳಕ್ಕೆ ಬೇರೆ ಬೆಣೆ ಹಾಕಿಕೋ.

ಬಿದ್ದ ಪಿಕ್ ಸಿಗಲಿಲ್ಲವೆಂದು ಡ್ರಮ್ಮಿನ ಅಣ್ಣ ಭಾವನಿಗೆ ಫೋನಿನಲ್ಲಿ ಹೇಳಿದನಂತೆ. ನೀನು ಸ್ಟುಡಿಯೊ ನೆಲವನ್ನೆಲ್ಲ ತಡಕಿದೆಯಂತೆ. ಹೋದರೆ ಹೋಗಲಿ, ಹೊಸದು ಮಾಡೋಣ. ಒಂದು ದಿನ ರಜೆ ಸಿಕ್ಕಿದಾಗ ಆ ದೊಡ್ಡ ತ್ರಿಕೋನಗಳನ್ನು ಒಂದಷ್ಟು ತೆಗೆದುಕೊಂಡು ಇಲ್ಲಿಗೆ ಬಾ. ಸಿಟ್ಟು ಇಳಿದಿರದಿದ್ದರೂ ಪರವಾಗಿಲ್ಲ, ಸಿಟ್ಟಿನ ಜತೆಗೇ ಬಾ. ಸೂಜಿ ಕಾಯಿಸಿ ತೂತು ಹಾಕುವುದಕ್ಕೆ ಎರಡು ಕೈ ಬೇಕು, ಒಂದು ಪಿಕ್ಕನ್ನು ಹಿಡಿಯಲು, ಇನ್ನೊಂದು ಚುಚ್ಚಲು. ಹಿಡಿಯುವ ಕೈ ನನ್ನ ಹತ್ತಿರ ಇದೆ.

ಅಕ್ಕ